ಹೊಲಿಗೆ ಯಂತ್ರದ ಮೇಲಿನ ಹೆಸರು: ನಟನಾಗಲು ಹೊರಟ ಐಸಾಕ್ ಸಿಂಗರ್‌ನ ಕಥೆ

ಕೋಡಿಹಳ್ಳಿ (ಕನಕಪುರ ತಾಲ್ಲೂಕು): ಹೊಲಿಗೆ ಕಲಿಯಲು ಬಂದವರ ಕೈಗೆ ಸಾಮಾನ್ಯವಾಗಿ ಮೊದಲ ದಿನವೇ ಬಟ್ಟೆ ಕೊಡುವುದಿಲ್ಲ. ಗೆರೆ ಎಳೆದ ಕಾಗದವನ್ನು ದಾರವಿಲ್ಲದ ಸೂಜಿಯ ಕೆಳಗಿಟ್ಟು, ಗೆರೆಯ ಮೇಲೆಯೇ ತೂತು ಬೀಳುವಂತೆ ಯಂತ್ರ ತುಳಿಯುವುದೇ ಆರಂಭದ ಪಾಠ. ಕಾಲು ಹದಕ್ಕೆ ಬಂದ ಬಳಿಕ ಹಳೆಯ ಬಟ್ಟೆಯ ತುಂಡು, ಅನಂತರ ದಿಂಬಿನ ಚೀಲ, ಅದರ ನಂತರ ಲಂಗ. ಕೋಡಿಹಳ್ಳಿಯಂತಹ ಹೋಬಳಿ ಕೇಂದ್ರದಲ್ಲಾಗಲಿ, ಬೆಂಗಳೂರಿನ ಬಡಾವಣೆಯಲ್ಲಾಗಲಿ ಈ ಪಾಠಕ್ರಮ ಹೆಚ್ಚೇನೂ ಬದಲಾಗಿಲ್ಲ.

ರವಿಕೆಗಿಂತ ಮೊದಲು ಲಂಗ ಏಕೆ ಎಂಬುದಕ್ಕೆ ಕಾರಣವಿದೆ. ನೆರಿಗೆಯ ಉದ್ದ ಲಂಗದಲ್ಲಿ ಇರುವುದೆಲ್ಲ ನೇರ ಹೊಲಿಗೆ. ಸೊಂಟದ ಸುತ್ತಳತೆ 24 ಅಂಗುಲವಿದ್ದರೆ ಅದರ ಎರಡೂವರೆಯಿಂದ ಮೂರು ಪಟ್ಟು, ಅಂದರೆ 60ರಿಂದ 72 ಅಂಗುಲದಷ್ಟು ಬಟ್ಟೆಯನ್ನು ನೆರಿಗೆ ಹಿಡಿದು ಸೊಂಟಪಟ್ಟಿಗೆ ಕೂಡಿಸಿದರೆ ಲಂಗ ಸಿದ್ಧ. ಅಳತೆಯಲ್ಲಿ ಅರ್ಧ ಅಂಗುಲ ಹೆಚ್ಚುಕಡಿಮೆಯಾದರೂ ನೆರಿಗೆ ಅದನ್ನು ಮರೆಮಾಡುತ್ತದೆ. ತೋಳು, ಕೊರಳು, ಎದೆಯ ಅಳತೆಗಳಿರುವ ರವಿಕೆಯಲ್ಲಿ ಕಲಿಯುವವರಿಗೆ ಅಂತಹ ಅವಕಾಶವಿಲ್ಲ. ಹಳೆಯ ಕಾಲದ ಶೈಲಿಯ ಅಗಲ ಗೌನುಗಳನ್ನು ತಾವೇ ಹೊಲಿದುಕೊಳ್ಳಬೇಕೆಂದು ಹೊರಡುವ ನಗರದ ಯುವತಿಯರೂ ಮೊದಲು ಹಿಡಿಯುವುದು ಲಂಗದ ಭಾಗವನ್ನೇ.

ಈ ನೇರ ಹೊಲಿಗೆಯನ್ನು ಮನೆಮನೆಗೆ ತಲುಪಿಸಿದ ಕಪ್ಪು ಬಣ್ಣದ ಯಂತ್ರದ ಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಒಂದು ಹೆಸರಿರುತ್ತಿತ್ತು: ಸಿಂಗರ್. ನಮ್ಮ ಅನೇಕ ಮನೆಗಳಲ್ಲಿ ಪರಿಚಿತವಾಗಿರುವ ಮೆರಿಟ್ ಎಂಬ ಹೆಸರಿನ ಯಂತ್ರವೂ ಅದೇ ಬಳಗದ್ದು. ಎರಡು ಹೆಸರುಗಳನ್ನೂ ಹೊತ್ತಿದ್ದ ಮನುಷ್ಯ ಐಸಾಕ್ ಮೆರಿಟ್ ಸಿಂಗರ್. ಹೆಣ್ಣುಮಕ್ಕಳ ಶ್ರಮ ಕಂಡು ಮರುಗಿ ಯಂತ್ರ ಮಾಡಿದ ಸಜ್ಜನನೆಂದು ಆತನನ್ನು ನಂಬಿದವರು ಬಹಳ. ಆತನ ನಿಜವಾದ ಬದುಕು ಬೇರೆಯದೇ ಆಗಿತ್ತು.

ಮನೆ ಬಿಟ್ಟ ಹುಡುಗ

ಸಿಂಗರ್ ಹುಟ್ಟಿದ್ದು 1811ರ ಅಕ್ಟೋಬರ್ 27ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಿಟ್ಸ್‌ಟೌನ್ ಎಂಬಲ್ಲಿ. ತಂದೆ ಜರ್ಮನಿಯಿಂದ ವಲಸೆ ಬಂದವನು. ಬಾಲಕನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆತಾಯಿ ಬೇರೆಯಾದರು. ಹನ್ನೆರಡರ ಸುಮಾರಿಗೆ ಮನೆ ಬಿಟ್ಟು ರಾಚೆಸ್ಟರ್ ಪಟ್ಟಣದ ಅಣ್ಣನ ಕಾರ್ಯಾಗಾರ ಸೇರಿದ. ಶಾಲೆಯ ಓದು ಅಷ್ಟಕ್ಕಷ್ಟೇ. ಕಬ್ಬಿಣದ ಕೆಲಸವನ್ನು ಮಾತ್ರ ಬೇಗ ಕಲಿತ.

ಆದರೆ ಆತನ ಮನಸ್ಸು ಇದ್ದದ್ದು ರಂಗಭೂಮಿಯಲ್ಲಿ. ಎತ್ತರದ ಆಳು, ಗಟ್ಟಿ ಕಂಠ. 1830ರಲ್ಲಿ ನಾಟಕ ಮಂಡಳಿಯೊಂದನ್ನು ಸೇರಿದ. ಅದೇ ವರ್ಷ ಹದಿನೈದರ ಹುಡುಗಿ ಕ್ಯಾಥರಿನ್ ಹೇಲಿಯನ್ನು ಮದುವೆಯಾದ. ಮಂಡಳಿಯೊಡನೆ ಊರೂರು ಅಲೆಯುತ್ತ ಬಾಲ್ಟಿಮೋರ್‌ಗೆ ಹೋದಾಗ ಮೇರಿ ಆನ್ ಸ್ಪಾನ್ಸ್ಲರ್ ಎಂಬ ತರುಣಿಯ ಪರಿಚಯವಾಗಿ, ತನಗೆ ಮದುವೆಯಾಗಿರುವುದನ್ನು ಮುಚ್ಚಿಟ್ಟು ಆಕೆಗೂ ಮಾತು ಕೊಟ್ಟ. ಸತ್ಯ ತಿಳಿಯುವ ಹೊತ್ತಿಗೆ ಆಕೆ ಹಿಂದಿರುಗುವ ದಾರಿ ಉಳಿದಿರಲಿಲ್ಲ. ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆತನ ಹೆಂಡತಿಯೆಂದೇ ಲೋಕಕ್ಕೆ ತೋರಿಸಿಕೊಂಡು, ಹತ್ತು ಮಕ್ಕಳನ್ನು ಹೆತ್ತು ಬಾಳಿದಳು.

1839ರಲ್ಲಿ ಬಂಡೆ ಕೊರೆಯುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದ ಸಿಂಗರ್ ಅದನ್ನು 2,000 ಡಾಲರ್‌ಗೆ ಮಾರಿದ. ಅಷ್ಟು ಹಣವನ್ನು ಆತ ಕಂಡಿದ್ದು ಅದೇ ಮೊದಲು. ಬೇರೆಯವನಾಗಿದ್ದರೆ ಕಾರ್ಯಾಗಾರ ತೆರೆಯುತ್ತಿದ್ದನೇನೋ. ಸಿಂಗರ್ ಮೆರಿಟ್ ಪ್ಲೇಯರ್ಸ್ ಎಂಬ ಸ್ವಂತ ನಾಟಕ ಮಂಡಳಿ ಕಟ್ಟಿದ. ಮೇರಿ ಆನ್ ಕೂಡ ಜೊತೆಯಲ್ಲಿ ಬಣ್ಣ ಹಚ್ಚಿದಳು. ಸುಮಾರು ಐದು ವರ್ಷ ನಡೆದ ಮಂಡಳಿ 1844ರಲ್ಲಿ ಒಹಾಯೊ ರಾಜ್ಯದ ಪುಟ್ಟ ಊರೊಂದರಲ್ಲಿ ಹಣವಿಲ್ಲದೆ ನಿಂತುಹೋಯಿತು. ಮತ್ತೆ ಕೂಲಿ ಕೆಲಸವೇ ಗತಿಯಾಯಿತು.

ಹನ್ನೊಂದು ದಿನಗಳ ಯಂತ್ರ

ಮರದ ಅಚ್ಚಿನ ಅಕ್ಷರಗಳನ್ನು ಕೆತ್ತುವ ಯಂತ್ರವೊಂದನ್ನು ಹಿಡಿದು ಸಿಂಗರ್ 1850ರಲ್ಲಿ ಬಾಸ್ಟನ್‌ಗೆ ಬಂದ. ಬೆನ್ನಿಗೆ ಜಾರ್ಜ್ ಜೀಬರ್ ಎಂಬ ಬಂಡವಾಳಗಾರನಿದ್ದ. ಕೆತ್ತನೆಯ ಯಂತ್ರವನ್ನು ಕೊಳ್ಳುವವರು ಬರಲಿಲ್ಲ. ಆದರೆ ಅವರು ಜಾಗ ಹಿಡಿದಿದ್ದ ಆರ್ಸನ್ ಫೆಲ್ಪ್ಸ್‌ನ ಕಾರ್ಖಾನೆಗೆ ಪದೇಪದೇ ಕೆಟ್ಟುನಿಲ್ಲುತ್ತಿದ್ದ ಹೊಲಿಗೆ ಯಂತ್ರಗಳು ದುರಸ್ತಿಗಾಗಿ ಬರುತ್ತಿದ್ದವು. ಅದನ್ನು ಸುಧಾರಿಸಬಾರದೇಕೆ ಎಂದು ಜೊತೆಗಾರರು ಕೇಳಿದಾಗ ಸಿಂಗರ್ ಮೊದಲು ಹೀಯಾಳಿಸಿದನಂತೆ. ಹೆಂಗಸರನ್ನು ಸುಮ್ಮನಿರಿಸುವ ಏಕೈಕ ಕೆಲಸವನ್ನೂ ಇಲ್ಲವಾಗಿಸುವುದೇ ಎಂಬುದು ಆತನ ಧಾಟಿಯಾಗಿತ್ತೆಂದು ಜೀಬರ್ ಮುಂದೆ ನೆನಪಿಸಿಕೊಂಡಿದ್ದಾನೆ. ಹಣ ಬರುತ್ತದೆ ಎಂದು ಮನವರಿಕೆಯಾದ ಮೇಲೆಯೇ ಕೆಲಸಕ್ಕೆ ಕುಳಿತ.

40 ಡಾಲರ್ ಬಂಡವಾಳ, ಹನ್ನೊಂದು ದಿನಗಳ ಹಗಲಿರುಳ ದುಡಿಮೆ. ಹಳೆಯ ಯಂತ್ರದಲ್ಲಿ ವೃತ್ತಾಕಾರವಾಗಿ ಸುತ್ತುತ್ತಿದ್ದ ಲಾಳಿಯನ್ನು ಆತ ನೇರವಾಗಿ ಹಿಂದೆ ಮುಂದೆ ಓಡುವಂತೆ ಮಾಡಿದ. ಸೂಜಿಯನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಳಿಸಿದ. ಬಟ್ಟೆಗೆ ಸಮತಟ್ಟಾದ ಆಸರೆ ಕೊಟ್ಟು, ಅದನ್ನು ಒತ್ತಿ ಹಿಡಿಯುವ ಪಾದ ಅಳವಡಿಸಿದ. ಯಂತ್ರವನ್ನು ಕಾಲಿನಿಂದ ತುಳಿದು ನಡೆಸುವಂತಾದ್ದರಿಂದ ಎರಡು ಕೈಗಳೂ ಬಟ್ಟೆ ಹಿಡಿಯಲು ಬಿಡುವಾದವು. ಕೋಡಿಹಳ್ಳಿಯ ವಿದ್ಯಾರ್ಥಿನಿ ಇಂದು ಅಭ್ಯಾಸ ಮಾಡುವ ಕೈಕಾಲುಗಳ ಹೊಂದಾಣಿಕೆಗೆ ಆ ಏರ್ಪಾಡೇ ಮೂಲ. 1851ರ ಆಗಸ್ಟ್ 12ರಂದು ಪೇಟೆಂಟ್ ದೊರೆಯಿತು.

ಹೊಲಿಗೆ ಯಂತ್ರದ ಕಲ್ಪನೆ ಮಾತ್ರ ಸಿಂಗರ್‌ನದಲ್ಲ. ಫ್ರಾನ್ಸಿನ ದರ್ಜಿ ಥಿಮೊನಿಯೆ 1830ರಲ್ಲೇ ಪೇಟೆಂಟ್ ಪಡೆದಿದ್ದ. ಕೆಲಸ ಹೋಗುವ ಭಯದಿಂದ ಅಲ್ಲಿನ ದರ್ಜಿಗಳು ಆತನ ಯಂತ್ರಗಳನ್ನು ಒಡೆದುಹಾಕಿದ್ದರು. ತುದಿಯಲ್ಲಿ ಕಣ್ಣಿರುವ ಸೂಜಿ ಮತ್ತು ಲಾಳಿಯಿಂದ ಎರಡು ದಾರಗಳು ಒಂದನ್ನೊಂದು ಬಿಗಿಯುವ ಹೊಲಿಗೆಗೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಹಕ್ಕು ಪಡೆದಿದ್ದ. ಆತ ಹೂಡಿದ ಮೊಕದ್ದಮೆಯಲ್ಲಿ 1854ರಲ್ಲಿ ಸಿಂಗರ್ ಸೋತು ಪರಿಹಾರ ಕಟ್ಟಬೇಕಾಯಿತು. ಪರಸ್ಪರ ಮೊಕದ್ದಮೆಗಳಿಂದ ಬೇಸತ್ತ ತಯಾರಕರು 1856ರಲ್ಲಿ ಹೋವ್‌ನೊಂದಿಗೆ ಸೇರಿ ಪೇಟೆಂಟ್‌ಗಳನ್ನು ಒಟ್ಟುಗೂಡಿಸಿಕೊಂಡರು.

ಜೊತೆಗಾರರನ್ನೂ ಸಿಂಗರ್ ಉಳಿಸಿಕೊಳ್ಳಲಿಲ್ಲ. ಫೆಲ್ಪ್ಸ್‌ನನ್ನು ಹೊರಗೆ ಕಳುಹಿಸಲಾಯಿತು. ಜೀಬರ್ ಕಾಯಿಲೆ ಬಿದ್ದಾಗ, ಆತ ಬದುಕುವುದಿಲ್ಲವೆಂದು ವೈದ್ಯರೇ ತಿಳಿಸಿದ್ದಾರೆಂದು ನಂಬಿಸಿ, ಅವನ ಪಾಲನ್ನು 6,000 ಡಾಲರ್‌ಗೆ ಬರೆಸಿಕೊಂಡದ್ದನ್ನು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಜೀಬರ್ ಚೇತರಿಸಿಕೊಂಡ, ಪಾಲು ಹಿಂದಿರುಗಲಿಲ್ಲ.

ಅಗಲ ಲಂಗಗಳ ಕಾಲ

ಸಿಂಗರ್‌ನ ಯಂತ್ರ ಮಾರುಕಟ್ಟೆಗೆ ಬಂದ ಕಾಲವೂ ಆತನಿಗೆ ಒದಗಿಬಂತು. ಯುರೋಪು, ಅಮೆರಿಕಗಳಲ್ಲಿ ಅದು ಅಗಲ ಲಂಗಗಳ ಕಾಲ. 1856ರಲ್ಲಿ ಉಕ್ಕಿನ ಬಳೆಗಳ ಹಗುರ ಚೌಕಟ್ಟು ಬಳಕೆಗೆ ಬಂದು, ಹಲವು ಒಳಲಂಗಗಳ ಭಾರವಿಲ್ಲದೆಯೇ ಉಡುಪನ್ನು ಗಂಟೆಯಾಕಾರದಲ್ಲಿ ಅರಳಿಸಲು ಸಾಧ್ಯವಾಯಿತು. ಕೆಳ ಅಂಚಿನ ಸುತ್ತಳತೆ ಹಲವು ಗಜ ಬೆಳೆಯಿತು. ಇಂದು ಚಲನಚಿತ್ರಗಳಲ್ಲಿ ನಾವು ಕಾಣುವ ಹಳೆಗಾಲದ ರಾಣಿಯರ ಗೌನುಗಳಲ್ಲಿ ಬಹಳಷ್ಟು ಆ ದಶಕಗಳವು.

ಅಂತಹ ಲಂಗ ಎಷ್ಟೇ ಅದ್ದೂರಿಯಾಗಿ ಕಂಡರೂ ಆರಂಭದಲ್ಲಿ ಅದು ಆಯತಾಕಾರದ ಬಟ್ಟೆಯ ಪಟ್ಟಿಗಳನ್ನು ಉದ್ದುದ್ದಕ್ಕೆ ಕೂಡಿಸಿ, ಮೇಲೆ ನೆರಿಗೆ ಹಿಡಿದದ್ದೇ. 1860ರ ದಶಕದಲ್ಲಿ ಮೇಲೆ ಕಿರಿದು ಕೆಳಗೆ ಅಗಲವಾದ ಪಟ್ಟಿಗಳು ಬಂದು ಸೊಂಟದ ಬಳಿಯ ದಪ್ಪ ತಗ್ಗಿತು. ಹೇಗೆ ಕತ್ತರಿಸಿದರೂ ಮಾರುಗಟ್ಟಲೆ ನೇರ ಹೊಲಿಗೆ ತಪ್ಪದು. ಯಂತ್ರ ಚೆನ್ನಾಗಿ ಮಾಡುತ್ತಿದ್ದುದೂ ಅದನ್ನೇ. ರವಿಕೆಯ ಭಾಗದ ಸೂಕ್ಷ್ಮ ಕೆಲಸ, ಅಂಚಿನ ಅಲಂಕಾರಗಳು ಇನ್ನೂ ಬಹುಕಾಲ ಕೈಹೊಲಿಗೆಯಲ್ಲೇ ಉಳಿದವು.

ಆ ಕಾಲದ ಒಂದು ಪರೀಕ್ಷೆಯ ಪ್ರಕಾರ ಗಂಡಸರ ಅಂಗಿಯೊಂದನ್ನು ಕೈಯಲ್ಲಿ ಹೊಲಿಯಲು 14 ಗಂಟೆ 26 ನಿಮಿಷ ಬೇಕಾಗುತ್ತಿದ್ದರೆ, ಯಂತ್ರದಲ್ಲಿ 1 ಗಂಟೆ 16 ನಿಮಿಷ ಸಾಕಾಗುತ್ತಿತ್ತು. ಉಳಿದ ಹೊತ್ತು ಹೆಂಗಸರಿಗೆ ವಿರಾಮವಾಗಿ ದಕ್ಕಿತೇ? ಪೂರ್ತಿಯಾಗಿ ದಕ್ಕಲಿಲ್ಲ. ಹೊಲಿಯುವುದು ಸುಲಭವಾದಂತೆ ಉಡುಪಿನ ಮೇಲೆ ಮಡಿಕೆ, ಝಾಲರಿ, ಪಟ್ಟಿಗಳು ಹೆಚ್ಚಿದವು. ಸಿದ್ಧ ಉಡುಪುಗಳ ಕಾರ್ಖಾನೆಗಳಲ್ಲಿ ಕಡಿಮೆ ಕೂಲಿಗೆ ದೀರ್ಘಕಾಲ ಯಂತ್ರ ತುಳಿಯುವ ಹೆಂಗಸರ ಸಾಲುಗಳು ಹುಟ್ಟಿಕೊಂಡವು.

ಕಂತಿನ ವ್ಯಾಪಾರ

1853ರಲ್ಲಿ ಕಂಪನಿ ಮಾರಿದ್ದು 810 ಯಂತ್ರ. ಒಂದರ ಬೆಲೆ ನೂರು ಡಾಲರ್‌ನ ಆಸುಪಾಸು. ಸಾಧಾರಣ ಕುಟುಂಬವೊಂದಕ್ಕೆ ಅದು ಹಲವು ತಿಂಗಳ ದುಡಿಮೆ. ಇನ್ನೊಂದೆಡೆ, ಯಂತ್ರ ನಡೆಸುವುದು ಹೆಂಗಸರಿಂದ ಆಗದ ಕೆಲಸವೆಂಬ ನಂಬಿಕೆ ಗಂಡಸರಲ್ಲಿತ್ತು. ಎರಡಕ್ಕೂ ಉಪಾಯ ಹುಡುಕಲಾಯಿತು. ಅಲಂಕೃತ ಮಳಿಗೆಗಳಲ್ಲಿ ತರುಣಿಯರನ್ನೇ ಕೂರಿಸಿ, ಬಂದವರೆದುರು ಹೊಲಿದು ತೋರಿಸುವ ವ್ಯವಸ್ಥೆಯಾಯಿತು. ರಂಗಭೂಮಿಯಲ್ಲಿ ಸೋತ ನಟನ ಪ್ರದರ್ಶನ ಕಲೆ ಇಲ್ಲಿ ಫಲಿಸಿತು. ಪಾಲುದಾರ, ವಕೀಲ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ಯೋಜನೆ ತಂದ. 5 ಡಾಲರ್ ಮುಂಗಡ ಕೊಟ್ಟು ಯಂತ್ರ ಮನೆಗೊಯ್ದು, ದುಡಿಯುತ್ತ ಉಳಿದದ್ದನ್ನು ತೀರಿಸಬಹುದಿತ್ತು. ಆ ವರ್ಷ ಮಾರಾಟ 2,564ಕ್ಕೆ ಏರಿತು. 1870ರ ದಶಕದ ನಡುಭಾಗದಲ್ಲಿ ವರ್ಷಕ್ಕೆ ಎರಡು ಲಕ್ಷ ದಾಟಿತ್ತು.

ಮನೆಯೊಳಗಿನ ಕಥೆ

ಸಂಪತ್ತು ಬಂದರೂ ಮೇರಿ ಆನ್‌ಗೆ ನ್ಯಾಯ ಸಿಗಲಿಲ್ಲ. ಮೊದಲ ಹೆಂಡತಿಯಿಂದ 1860ರಲ್ಲಿ ವಿಚ್ಛೇದನ ಪಡೆದ ಮೇಲೂ ಸಿಂಗರ್ ಈಕೆಯನ್ನು ವಿಧಿವತ್ತಾಗಿ ಮದುವೆಯಾಗಲಿಲ್ಲ. ಅದೇ ವರ್ಷ ನ್ಯೂಯಾರ್ಕ್‌ನ ಬೀದಿಯಲ್ಲಿ ಆತ ಇನ್ನೊಬ್ಬಳೊಡನೆ ಸಾರೋಟಿನಲ್ಲಿ ಹೋಗುತ್ತಿದ್ದುದನ್ನು ಮೇರಿ ಆನ್ ಕಂಡು ಕೂಗಾಡಿದಳು. ಮನೆಗೆ ಬಂದ ಸಿಂಗರ್ ಆಕೆಯನ್ನು ಹೊಡೆದ. ಪ್ರಕರಣ ನ್ಯಾಯಾಲಯ ಮುಟ್ಟಿ, ಆತನಿಗೆ ಬೇರೆ ಬೇರೆ ಹೆಸರುಗಳಲ್ಲಿ ಬೇರೆ ಸಂಸಾರಗಳೂ ಇದ್ದುದು ಬಯಲಾಯಿತು. ಹಗರಣದಿಂದ ತಪ್ಪಿಸಿಕೊಳ್ಳಲು ಯುರೋಪಿಗೆ ಹೋದ ಸಿಂಗರ್, 1863ರಲ್ಲಿ ಪ್ಯಾರಿಸ್ ಮೂಲದ ಇಸಬೆಲ್ಲಾ ಬೊಯೆಯನ್ನು ಮದುವೆಯಾದ. ಅದೇ ವರ್ಷ ಹಳೆಯ ಪಾಲುದಾರಿಕೆ ಮುರಿದು ಹೊಸ ಕಂಪನಿ ರೂಪುಗೊಂಡಿತು; ದೊಡ್ಡ ಪಾಲು ಕೈಯಲ್ಲಿದ್ದರೂ ದಿನನಿತ್ಯದ ಆಡಳಿತದಿಂದ ಸಿಂಗರ್ ದೂರ ಸರಿದ.

ಕೊನೆಯ ವರ್ಷಗಳನ್ನು ಇಂಗ್ಲೆಂಡಿನ ಪೇಂಟನ್ ಎಂಬ ಕಡಲತೀರದ ಊರಿನಲ್ಲಿ ಕಳೆದ. ಅಲ್ಲಿ ಕಟ್ಟಿಸುತ್ತಿದ್ದ ಭವ್ಯ ಬಂಗಲೆ ಪೂರ್ಣವಾಗುವ ಮೊದಲೇ, 1875ರ ಜುಲೈ 23ರಂದು ತೀರಿಕೊಂಡ. ಬಿಟ್ಟುಹೋದದ್ದು ಒಂದು ಕೋಟಿ ಮೂವತ್ತು ಲಕ್ಷ ಡಾಲರ್‌ನಷ್ಟು ಆಸ್ತಿ, ಹಲವು ತಾಯಂದಿರ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು, ಮತ್ತು ಉಯಿಲಿನ ಮೇಲಿನ ವ್ಯಾಜ್ಯ.

ಗಾಂಧೀಜಿ ಕೇಳಿದ್ದ ಕಥೆ

ಸಿಂಗರ್ ಸತ್ತು ಅರ್ಧ ಶತಮಾನದ ಹೊತ್ತಿಗೆ ಆತನ ಹೆಸರು ಭಾರತದಲ್ಲಿ ಬೇರೊಂದು ಬಗೆಯಲ್ಲಿ ಕೇಳಿಬಂತು. ಯಂತ್ರಗಳ ಅತಿಮೋಹವನ್ನು ಟೀಕಿಸುತ್ತಿದ್ದ ಗಾಂಧೀಜಿಯವರು 1924ರಲ್ಲಿ ಯಂಗ್ ಇಂಡಿಯಾದಲ್ಲಿ ಪ್ರಕಟವಾದ ಸಂಭಾಷಣೆಯೊಂದರಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ನೀಡಿದರು. ಹೆಂಡತಿ ಕೈಯಲ್ಲಿ ಹೊಲಿಯುತ್ತ ಪಡುತ್ತಿದ್ದ ಪಾಡನ್ನು ನೋಡಲಾರದೆ, ಆಕೆಯ ಮೇಲಿನ ಪ್ರೀತಿಯಿಂದಲೇ ಸಿಂಗರ್ ಯಂತ್ರವನ್ನು ರೂಪಿಸಿದನೆಂಬ ಕಥೆಯನ್ನು ಅವರು ಅಲ್ಲಿ ಹೇಳಿದ್ದಾರೆ. ಲೋಭದಿಂದಲ್ಲದೆ ಪ್ರೀತಿಯಿಂದ ಹುಟ್ಟಿದ ಯಂತ್ರಕ್ಕೆ ಅದು ಅವರ ಉದಾಹರಣೆ.

ಇತಿಹಾಸ ಆ ಕಥೆಯನ್ನು ಸಮರ್ಥಿಸುವುದಿಲ್ಲ. ಆ ಯಂತ್ರ ಹುಟ್ಟಿದ್ದು ಹಣದಾಸೆಯಿಂದ, ಹೆಂಗಸರ ಬಗ್ಗೆ ತಾತ್ಸಾರವಿದ್ದ ಮನುಷ್ಯನ ಕೈಯಲ್ಲಿ. ಆದರೂ ಗಾಂಧೀಜಿಯವರು ಯಂತ್ರದಲ್ಲಿ ಗುರುತಿಸಿದ ಗುಣ ಸುಳ್ಳಲ್ಲ. ಮನೆಯ ಮೂಲೆಯಲ್ಲಿ ನಿಂತು, ಒಬ್ಬರ ಕಾಲಿನ ಬಲದಿಂದಲೇ ನಡೆದು, ಅವರ ದುಡಿಮೆಯನ್ನು ಅವರ ಕೈಯಲ್ಲೇ ಉಳಿಸುವ ಯಂತ್ರಗಳು ಹೆಚ್ಚಿಲ್ಲ. ವಿಧವೆಯರು, ಗಂಡ ಬಿಟ್ಟವರು, ಓದು ಅರ್ಧಕ್ಕೆ ನಿಂತವರು ಎಷ್ಟೋ ಮಂದಿ ನಮ್ಮ ಊರುಗಳಲ್ಲಿ ಅದರ ಆಸರೆಯಿಂದ ಮಕ್ಕಳನ್ನು ಓದಿಸಿದ್ದಾರೆ. ಸರ್ಕಾರಿ ಯೋಜನೆಗಳಲ್ಲಿ ಇಂದಿಗೂ ಹೊಲಿಗೆ ಯಂತ್ರಕ್ಕೆ ಜಾಗವಿರುವುದು ಅದಕ್ಕಾಗಿಯೇ.

ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಬೆಂಗಳೂರಿನಲ್ಲಿ ಮತ್ತು ಅದರ ಸುತ್ತಮುತ್ತ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ವಿದ್ಯುತ್ ಯಂತ್ರಗಳ ಮುಂದೆ ಕೂರುವ ಲಕ್ಷಾಂತರ ಹೆಣ್ಣುಮಕ್ಕಳಿಗೆ ಯಂತ್ರವೂ ತಮ್ಮದಲ್ಲ, ಹೊಲಿಯುವ ಉಡುಪೂ ತಮ್ಮದಲ್ಲ. ದಿನವಿಡೀ ಒಬ್ಬರು ಕಾಲರ್ ಮಾತ್ರ, ಇನ್ನೊಬ್ಬರು ತೋಳು ಮಾತ್ರ ಕೂಡಿಸುತ್ತಾರೆ. ಇಡೀ ಉಡುಪನ್ನು ಅಳೆದು, ಕತ್ತರಿಸಿ, ಹೊಲಿಯಬಲ್ಲ ವಿದ್ಯೆ ಹಾಗೂ ಒಂದೇ ಹೊಲಿಗೆಯನ್ನು ದಿನಕ್ಕೆ ನೂರಾರು ಬಾರಿ ಹಾಕುವ ಕೆಲಸ ಒಂದೇ ಯಂತ್ರದಿಂದ ಬಂದಿವೆ. ಕಲಿಯುವವರು ಯಾವುದನ್ನು ಕಲಿಯುತ್ತಿದ್ದೇವೆ ಎಂದು ತಿಳಿದಿರುವುದು ಒಳ್ಳೆಯದು.

ನೇರ ಹೊಲಿಗೆ ಕೈವಶವಾದ ಮೇಲಿನ ಪಾಠ ವೃತ್ತಾಕಾರದ ಛತ್ರಿ ಲಂಗ. ಸೊಂಟದ ಅಳತೆಯನ್ನು 6.28ರಿಂದ ಭಾಗಿಸಿದರೆ ನಡುವಿನ ವೃತ್ತದ ತ್ರಿಜ್ಯ ಸಿಗುತ್ತದೆ; 24 ಅಂಗುಲಕ್ಕೆ ಸುಮಾರು 3.8 ಅಂಗುಲ. ಶಾಲೆಯಲ್ಲಿ ಬೇಸರ ತರಿಸಿದ್ದ ಗಣಿತ ಕತ್ತರಿಯ ತುದಿಯಲ್ಲಿ ಅರ್ಥವಾಗುವುದು ಆಗಲೇ. ಯಂತ್ರದ ಮೇಲೆ ಹೆಸರು ಬರೆಸಿಕೊಂಡವನು ಆ ಗೌರವಕ್ಕೆ ಎಷ್ಟು ಅರ್ಹನೋ ಓದುಗರೇ ತೀರ್ಮಾನಿಸಲಿ. ಅದರಲ್ಲಿ ಮೊದಲ ಲಂಗ ಹೊಲಿದು, ಅದನ್ನೇ ಉಟ್ಟು ಹೊರಬಂದ ಹುಡುಗಿ ಮಾತ್ರ ಅದನ್ನು ತಾನೇ ಗಳಿಸಿದವಳು.