ಕ್ಷಕಿರಣ ತಂತ್ರಜ್ಞರ ಗುರುಮಾತೆ ಮೇಡಂ ಕ್ಯೂರಿ

ಶಾಲೆಯ ಶತಮಾನೋತ್ಸವದ ಈ ಸಂಚಿಕೆಗೆ ಮೇಡಂ ಕ್ಯೂರಿಯವರ ಜೀವನವನ್ನು ನಾವು ಆರಿಸಿಕೊಂಡುದಕ್ಕೆ ಎರಡು ಕಾರಣಗಳುಂಟು. ತಾಯ್ನುಡಿಯ ವಿದ್ಯೆಗಾಗಿ ಕಷ್ಟಪಟ್ಟ ನಾಡಿನಲ್ಲಿ ಅವರು ಬೆಳೆದರು ಎಂಬುದು ಒಂದು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ನಮ್ಮ ಮಕ್ಕಳು ಇಂದು ಆಸ್ಪತ್ರೆಗಳ ಎಕ್ಸ್‌ರೇ, ಸ್ಕ್ಯಾನಿಂಗ್ ವಿಭಾಗಗಳ ಉದ್ಯೋಗವನ್ನೂ ಬಯಸುತ್ತಿದ್ದಾರೆ ಎಂಬುದು ಇನ್ನೊಂದು. ಆ ಉದ್ಯೋಗಕ್ಕೆ ಹೋಗುವವರು ಅವಶ್ಯವಾಗಿ ತಿಳಿಯಬೇಕಾದ ಪಾಠವೊಂದು ಈ ಮಹಿಳೆಯ ಬಾಳಿನಲ್ಲಿದೆ.

ಮೇರಿ 1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಜನಿಸಿದರು. ತಂದೆ ಗಣಿತ, ಭೌತಶಾಸ್ತ್ರಗಳ ಅಧ್ಯಾಪಕರು. ತಾಯಿ ಬಾಲಿಕೆಯರ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಹತ್ತು ವರ್ಷ ತುಂಬಿದ ಬಾಲಿಕೆಯನ್ನು ಬಿಟ್ಟು ಆ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಆಗ ವಾರ್ಸಾ ರಷ್ಯದ ಚಕ್ರವರ್ತಿಯ ಅಧೀನದಲ್ಲಿತ್ತು. ಶಾಲೆಗಳಲ್ಲಿ ರಷ್ಯನ್ ಭಾಷೆಯೇ ನಡೆಯಬೇಕಿತ್ತು. ಯುವತಿಯಾದಾಗ ಮೇರಿ ಹಳ್ಳಿಯೊಂದರಲ್ಲಿ ಮನೆಪಾಠ ಹೇಳುತ್ತಲೇ ರೈತರ ಮಕ್ಕಳಿಗೆ ಗುಟ್ಟಾಗಿ ಪೋಲಿಷ್ ಅಕ್ಷರ ಕಲಿಸಿದರು. ಸಿಕ್ಕಿಬಿದ್ದರೆ ಶಿಕ್ಷೆ ತಪ್ಪುತ್ತಿರಲಿಲ್ಲ. ನಿಜಾಮರ ಕಾಲದಲ್ಲಿ ಉರ್ದುವಿನ ನಡುವೆ, 1956ರ ನಂತರ ತೆಲುಗಿನ ನಡುವೆ ಕನ್ನಡದ ಓದನ್ನು ಕಾಪಾಡಿಕೊಂಡ ನಮ್ಮ ಹಿರಿಯರಿಗೆ ಈ ಕಥೆ ಅಪರಿಚಿತವೆನಿಸದು.

ಗಳಿಸಿದ ಹಣದಿಂದ ಅವರು ಮೊದಲು ಅಕ್ಕನನ್ನು ಪ್ಯಾರಿಸ್ಸಿನಲ್ಲಿ ವೈದ್ಯವಿದ್ಯೆ ಓದಿಸಿದರು. 1891ರಲ್ಲಿ ತಾವೂ ಅಲ್ಲಿಗೆ ಹೋದರು. 1895ರಲ್ಲಿ ಪಿಯರ್ ಕ್ಯೂರಿಯವರೊಡನೆ ವಿವಾಹವಾಯಿತು. ಅದೇ ವರ್ಷ ಜರ್ಮನಿಯಲ್ಲಿ ರಾಂಟ್‌ಜನ್ ಕ್ಷಕಿರಣವನ್ನು ಕಂಡುಹಿಡಿದರು. 1898ರಲ್ಲಿ ಕ್ಯೂರಿ ದಂಪತಿಗಳು ಪೊಲೋನಿಯಂ ಮತ್ತು ರೇಡಿಯಂ ಧಾತುಗಳ ಇರವನ್ನು ಸಾರಿದರು. ಸೋರುವ ಕೊಟ್ಟಿಗೆಯಂಥ ಕೋಣೆಯಲ್ಲಿ ಟನ್ನುಗಟ್ಟಲೆ ಅದಿರನ್ನು ಕುದಿಸಿ, ಸೋಸಿ, 1902ರ ಹೊತ್ತಿಗೆ ದೊರಕಿಸಿದ್ದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್ ಮಾತ್ರ. 1903ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. 1906ರಲ್ಲಿ ಪಿಯರ್ ಕುದುರೆಗಾಡಿಗೆ ಸಿಕ್ಕಿ ಮೃತಪಟ್ಟರು. ಇಬ್ಬರು ಹೆಣ್ಣುಮಕ್ಕಳ ವಿಧವೆ ತಾಯಿ ಪತಿಯ ಸ್ಥಾನದಲ್ಲಿ ಪಾಠ ಹೇಳಿದರು. 1911ರಲ್ಲಿ ರಸಾಯನಶಾಸ್ತ್ರಕ್ಕೂ ನೊಬೆಲ್ ಪಡೆದರು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಗಾಯಾಳುಗಳ ಮೈಯಲ್ಲಿ ಗುಂಡು ಎಲ್ಲಿದೆಯೆಂದು ತಿಳಿಯದೆ ವೈದ್ಯರು ಕತ್ತಿಯಾಡಿಸುತ್ತಿದ್ದ ಕಾಲವದು. ಮೇರಿ ಮೋಟಾರುಗಳಲ್ಲಿ ಕ್ಷಕಿರಣ ಯಂತ್ರವನ್ನೂ ವಿದ್ಯುತ್ತಿಗೆ ಡೈನಮೋವನ್ನೂ ಅಳವಡಿಸಿ, ತಾವೇ ವಾಹನ ಚಾಲನೆ ಕಲಿತು ರಣರಂಗದ ಸಮೀಪಕ್ಕೆ ಹೋದರು. ಹದಿಹರೆಯದ ಮಗಳು ಐರೀನ್ ಜೊತೆಗಿದ್ದಳು. ಇಂಥ ಸುಮಾರು 20 ವಾಹನಗಳೂ 200 ಸ್ಥಿರ ಕೇಂದ್ರಗಳೂ ಸಿದ್ಧವಾದವು. ಸುಮಾರು 150 ಮಹಿಳೆಯರಿಗೆ ಅವರು ಯಂತ್ರ ನಡೆಸುವ ತರಬೇತಿ ನೀಡಿದರು. ಇಂದಿನ ಇಮೇಜಿಂಗ್ ತಂತ್ರಜ್ಞರ ಪೂರ್ವಿಕರಲ್ಲಿ ಈ ಮಹಿಳೆಯರೂ ಸೇರುತ್ತಾರೆ.

ಆದರೆ ಕಿರಣಗಳಿಂದ ರಕ್ಷಣೆ ಪಡೆಯುವ ಅರಿವು ಆಗ ಎಳೆಯದು. ರೇಡಿಯಂ ಚರ್ಮವನ್ನು ಸುಡುತ್ತದೆಂದು ಪಿಯರ್ ತಮ್ಮ ತೋಳಿನ ಮೇಲೆಯೇ ಪ್ರಯೋಗಿಸಿ ಕಂಡಿದ್ದರು. ಆದರೂ ರಕ್ತಕ್ಕೆ ಮೂಳೆಗೆ ಆಗುವ ಕಣ್ಣಿಗೆ ಕಾಣದ ಹಾನಿಯನ್ನು ಜಗತ್ತು ತಡವಾಗಿ ಅರಿಯಿತು. ಮೇರಿಯವರ ಬೆರಳ ತುದಿಗಳು ಗಡಸಾದವು. ಕಣ್ಣಿಗೆ ಪೊರೆ ಬಂದಿತು. 1934ರ ಜುಲೈ 4ರಂದು, 66ನೆಯ ವಯಸ್ಸಿನಲ್ಲಿ, ರಕ್ತಕಣಗಳು ಹುಟ್ಟದ ಕಾಯಿಲೆಯಿಂದ ಅವರು ನಿಧನರಾದರು. 1995ರಲ್ಲಿ ಅವರ ಅವಶೇಷಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯಾನಿಗೆ ತಂದಾಗ ಪರೀಕ್ಷಿಸಿದ ತಜ್ಞರು, ರೇಡಿಯಂಗಿಂತ ಯುದ್ಧಕಾಲದ ಕ್ಷಕಿರಣಗಳೇ ಈ ಕಾಯಿಲೆಗೆ ಹೆಚ್ಚು ಕಾರಣವಾಗಿದ್ದಿರಬಹುದೆಂದು ಅಭಿಪ್ರಾಯಪಟ್ಟರು.

ಅವರಿಗೆ ಇರದಿದ್ದ ತಿಳಿವು ನಮಗಿದೆ. ಅದು ಮೂರು ಸೂತ್ರಗಳಲ್ಲಿ ಅಡಗಿದೆ. ಕಿರಣದ ಬಳಿ ಕಳೆಯುವ ಸಮಯ ಕಡಿಮೆಯಿರಲಿ. ದೂರ ಹೆಚ್ಚಲಿ, ದೂರ ಎರಡರಷ್ಟಾದರೆ ಕಿರಣದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಸೀಸದ ತಡೆ ಇರಲಿ. ನಮ್ಮ ದೇಶದಲ್ಲಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ತಂತ್ರಜ್ಞರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬ ಮಿತಿಯನ್ನು ವಿಧಿಸಿದೆ. ಯಾವುದೇ ಒಂದು ವರ್ಷದಲ್ಲಿ 30 ಮೀರಕೂಡದು. ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್ ಆ ಲೆಕ್ಕವನ್ನು ಇಡುತ್ತದೆ. ಅದನ್ನು ಮೇಜಿನ ಖಾನೆಯಲ್ಲಿಟ್ಟು ಕೆಲಸಕ್ಕೆ ನಿಲ್ಲುವವನು ತನ್ನ ಆಯುಷ್ಯದ ಲೆಕ್ಕವನ್ನೇ ಮರೆತಂತೆ.

ಪಾಲಕರಿಗೂ ಒಂದು ಮಾತು. ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನಿನಲ್ಲಿ ಇಂಥ ವಿಕಿರಣವಿದೆ. ಅಲ್ಟ್ರಾಸೌಂಡ್ ಮತ್ತು ಎಂಆರ್‌ಐನಲ್ಲಿ ಇಲ್ಲ. ವೈದ್ಯರು ಅಗತ್ಯವೆಂದ ಎಕ್ಸ್‌ರೇಗೆ ಅಂಜಬೇಕಿಲ್ಲ. ಅಗತ್ಯವಿಲ್ಲದೆ ತೆಗೆಯಿರೆಂದು ಹಟ ಹಿಡಿಯಲೂಬಾರದು. ಗರ್ಭಿಣಿಯರು, ಗರ್ಭದ ಸಂದೇಹವಿರುವವರು, ಮೊದಲೇ ತಿಳಿಸಬೇಕು. ರೋಗಿಯ ಜೊತೆಗೆ ಹೋದವರು ಹೊರಗೆ ಹೋಗಿರೆಂದರೆ ತಂತ್ರಜ್ಞನ ಮೇಲೆ ಸಿಟ್ಟಾಗದೆ ಹೋಗಬೇಕು.

ಇಂಗ್ಲಿಷ್ ಪುಸ್ತಕಗಳಲ್ಲಿರುವ ಈ ಸೂತ್ರಗಳನ್ನು ಕನ್ನಡದಲ್ಲಿ ಮನಮುಟ್ಟುವಂತೆ ಹೇಳಿದರೆ ಮಗು ಅದನ್ನು ಬಾಳಿನುದ್ದಕ್ಕೂ ಮರೆಯದು. ನಮ್ಮ ವಿಜ್ಞಾನದ ತರಗತಿಯಲ್ಲಿ ಮೇಡಂ ಕ್ಯೂರಿಯವರ ಎರಡು ಪಾರಿತೋಷಕಗಳನ್ನು ಹೇಳುವಾಗ ಅವರ ಬೆರಳುಗಳ ಕಥೆಯನ್ನೂ ಹೇಳುವುದು ಅಧ್ಯಾಪಕರಾದ ನಮ್ಮ ಕರ್ತವ್ಯ.