ದರ್ಬಾರಿನ ಎದುರು ನಿಂತ ಸನ್ಯಾಸಿ

ನಮ್ಮದು ಕಲಬುರಗಿ ಕಡೆಯ ಮನೆತನ. ರಜಾಕಾರರ ಹಾವಳಿಯ ಕಥೆಗಳನ್ನು ಅಜ್ಜನ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಆದರೆ ಆ ಹಾವಳಿಗಿಂತ ಹತ್ತು ವರ್ಷ ಮೊದಲೇ ನಿಜಾಮರ ಎದುರು ನಿಂತು, ಆಡಳಿತವನ್ನು ಪ್ರಜೆಗಳಿಗೆ ಒಪ್ಪಿಸಿ ಅಂತ ಕೇಳಿದ ಒಬ್ಬ ಸನ್ಯಾಸಿಯ ಹೆಸರು ನನಗೆ ತಿಳಿದದ್ದು ಓದಲಿಕ್ಕೆ ಹೈದರಾಬಾದಿಗೆ ಬಂದ ಮೇಲೆಯೇ. ಬೇಗಂಪೇಟೆಯಲ್ಲಿ ಅವರ ಸ್ಮಾರಕವಿದೆ. ಸ್ವಾಮಿ ರಾಮಾನಂದ ತೀರ್ಥ ಎಂಬ ಹೆಸರು ಕೇಳಿ, ಯಾವುದೋ ಮಠದ ಸ್ವಾಮಿಗಳಿರಬೇಕು ಅಂದುಕೊಂಡು ಬಹಳ ದಿನ ಸುಮ್ಮನಿದ್ದೆ. ಗೆಳೆಯರೇ, ಆ ತಪ್ಪಿಗೆ ಪ್ರಾಯಶ್ಚಿತ್ತವೆಂದೇ ಈ ಲೇಖನ ಬರೆಯುತ್ತಿದ್ದೇನೆ.

ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಭವಾನರಾವ್ ಖೇಡಗೀಕರ್. ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ. ಆಗ ಅದು ಬ್ರಿಟಿಷರ ಮುಂಬಯಿ ಪ್ರಾಂತ್ಯ. 1920ರಲ್ಲಿ ತಿಲಕರು ತೀರಿಕೊಂಡಾಗ ಇವರಿನ್ನೂ ವಿದ್ಯಾರ್ಥಿ. ಮದುವೆಯಾಗುವುದಿಲ್ಲ, ಬದುಕೆಲ್ಲ ದೇಶಕ್ಕೇ ಎಂದು ಆಗಲೇ ನಿಶ್ಚಯ ಮಾಡಿಬಿಟ್ಟರು. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಜೊತೆ ಕೆಲವು ಕಾಲ ದುಡಿದು, ಆಮೇಲೆ ನಿಜಾಮರ ಸೀಮೆಯ ಮರಾಠವಾಡಕ್ಕೆ ಬಂದು ಮೇಷ್ಟ್ರಾದರು. ಅಲ್ಲಿದ್ದಾಗಲೇ ಸನ್ಯಾಸ ದೀಕ್ಷೆಯಾಯಿತು. ಕಾವಿ ಉಟ್ಟವರು ಹಿಮಾಲಯಕ್ಕೆ ಹೋಗುವುದು ವಾಡಿಕೆ. ಇವರು ಕಾವಿ ಉಟ್ಟ ಮೇಲೂ ಶಾಲೆಯಲ್ಲೇ ಉಳಿದರು. ಮೋಮಿನಾಬಾದ್, ಅಂದರೆ ಅಂಬಾಜೋಗಾಯಿಯ ಯೋಗೇಶ್ವರಿ ಶಾಲೆಯನ್ನು ಕಟ್ಟಿ ಬೆಳೆಸಿದವರಲ್ಲಿ ಇವರು ಮುಖ್ಯರು.

ಆಗಿನ ಹೈದರಾಬಾದ್ ಸಂಸ್ಥಾನ ಅಂದರೆ ಸಣ್ಣದಲ್ಲ. 16 ಜಿಲ್ಲೆ, 1941ರ ಲೆಕ್ಕದಲ್ಲಿ 1 ಕೋಟಿ 60 ಲಕ್ಷಕ್ಕೂ ಮೇಲ್ಪಟ್ಟು ಜನ. ತೆಲುಗು, ಮರಾಠಿ, ಕನ್ನಡ ಮನೆಮಾತಾದರೆ ಕಚೇರಿಯ ಮಾತು ಉರ್ದು. ಸಭೆ ಸೇರಬೇಕಾದರೆ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು ಅಂತ ಮೂರು ಭಾಷೆಯ ಜನ ಬೇರೆ ಬೇರೆಯಾಗಿ ಸೇರುತ್ತಿದ್ದರು. ಈ ಮೂವರನ್ನೂ ಒಂದೇ ರಾಜಕೀಯ ವೇದಿಕೆಗೆ ತರಬೇಕು ಅಂತ 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟಿತು. ಹುಟ್ಟಿತು ಅನ್ನುವುದೂ ಕಷ್ಟವೇ. ವಿಧ್ಯುಕ್ತವಾಗಿ ಸ್ಥಾಪನೆಯಾಗುವ ಮೊದಲೇ ಸರ್ಕಾರ ಅದನ್ನು ನಿಷೇಧಿಸಿತು.

ಅವರು ಕೇಳಿದ್ದಾದರೂ ಏನು? ನಿಜಾಮರು ಗಾದಿ ಬಿಡಲಿ ಅಂತಲ್ಲ. ಗಾದಿ ಇರಲಿ, ಆದರೆ ಮಂತ್ರಿಗಳು ಜನ ಆರಿಸಿದ ಸಭೆಗೆ ಉತ್ತರ ಹೇಳಲಿ. ಜವಾಬ್ದಾರಿ ಸರ್ಕಾರ ಅಂದರೆ ಇಷ್ಟೇ. ಇಷ್ಟು ಕೇಳಿದ್ದಕ್ಕೆ 1938ರ ಅಕ್ಟೋಬರಿನಲ್ಲಿ ಸತ್ಯಾಗ್ರಹಿಗಳು ತಂಡ ತಂಡವಾಗಿ ಜೈಲಿಗೆ ಹೋದರು. ಸ್ವಾಮೀಜಿಯೂ ಹೋದರು. ಅದೇ ವರ್ಷ ಉಸ್ಮಾನಿಯಾ ವಿದ್ಯಾರ್ಥಿಗಳು ವಂದೇ ಮಾತರಂ ಹಾಡಿದ್ದಕ್ಕೆ ಹೊರಹಾಕಿಸಿಕೊಂಡರು. ಎಷ್ಟೋ ಮಂದಿ ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಅವರೂ ನಮ್ಮಂಥ ಹುಡುಗರೇ ಅನ್ನುವುದನ್ನು ಮರೆಯಬಾರದು.

ಅದೇ ಹೊತ್ತಿಗೆ ಆರ್ಯ ಸಮಾಜ, ಹಿಂದೂ ಮಹಾಸಭೆಗಳ ಸತ್ಯಾಗ್ರಹಗಳೂ ನಡೆದಿದ್ದವು. ಎಲ್ಲ ಕಲೆಸಿಹೋಗಿ, ಇದು ಹಿಂದೂಗಳು ಮುಸಲ್ಮಾನ ದೊರೆಯ ಮೇಲೆ ಹೂಡಿದ ಜಗಳ ಅಂತ ಕಾಣುವ ಅಪಾಯವಿತ್ತು. ಗಾಂಧೀಜಿಯ ಸಲಹೆಯಂತೆ ಡಿಸೆಂಬರಿನಲ್ಲಿ ಸ್ಟೇಟ್ ಕಾಂಗ್ರೆಸ್ ತನ್ನ ಚಳವಳಿಯನ್ನು ನಿಲ್ಲಿಸಿತು. ಕಾವು ಏರಿದ ಚಳವಳಿಯನ್ನು ನಿಲ್ಲಿಸುವುದು ಅಂದರೆ ತಮಾಷೆಯಲ್ಲ. ಬೇಡಿಕೆ ರಾಜಕೀಯದ್ದು, ಧರ್ಮದ್ದಲ್ಲ ಅಂತ ತೋರಿಸಲಿಕ್ಕೆ ಆ ಬೆಲೆ ಕೊಟ್ಟರು. 1939ರಲ್ಲಿ ನಿಜಾಮ್ ಸರ್ಕಾರ ಒಂದಿಷ್ಟು ಸುಧಾರಣೆ ಸಾರಿತು. ಸಭೆಯೇನೋ ಉಂಟು, ಆದರೆ ಮಂತ್ರಿಗಳು ಅದಕ್ಕೆ ಜವಾಬ್ದಾರರಲ್ಲ. ಸ್ಟೇಟ್ ಕಾಂಗ್ರೆಸ್ ಇದನ್ನು ಒಪ್ಪಲಿಲ್ಲ.

ನಿಷೇಧ ತೆಗೆದದ್ದು 1946ರಲ್ಲಿ. ಸ್ವಾಮೀಜಿ ಅಧ್ಯಕ್ಷರಾದರು. ಮರುವರ್ಷ ಬ್ರಿಟಿಷರು ಹೊರಟಾಗ ನಿಜಾಮರು ಭಾರತಕ್ಕೆ ಸೇರಲು ಒಪ್ಪಲಿಲ್ಲ. 1947ರ ಆಗಸ್ಟ್ 7ರಂದು ಸಂಸ್ಥಾನದ ತುಂಬ ಭಾರತ ಸೇರುವ ದಿನ ಆಚರಿಸಿದರು. ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸುವಾಗ ಸ್ವಾಮೀಜಿ ಬಂಧನದಲ್ಲಿದ್ದರು. ಗಡಿಯಲ್ಲಿ ಶಿಬಿರಗಳೆದ್ದವು. ನಮ್ಮ ಕಡೆಯವರಿಗೆ ಮುಂಡರಗಿ ಶಿಬಿರ, ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರು ಗೊತ್ತೇ ಇದೆ. ಇತ್ತ ಕಾಸಿಂ ರಜ್ವಿಯ ರಜಾಕಾರರು ಊರೂರು ಸುಟ್ಟರು. ರಜಾಕಾರರನ್ನು ಖಂಡಿಸಿ ಬರೆಯುತ್ತಿದ್ದ ಶೋಯೆಬುಲ್ಲಾ ಖಾನ್ ಎಂಬ ಪತ್ರಕರ್ತನನ್ನು 1948ರ ಆಗಸ್ಟಿನಲ್ಲಿ ಕೊಂದರು. ಆತನೂ ಮುಸಲ್ಮಾನನೇ ಅನ್ನುವುದನ್ನು ಅಜ್ಜನ ಕಥೆಗಳಲ್ಲಿ ನಾನು ಕೇಳಿರಲಿಲ್ಲ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು, ಸ್ವಾಮೀಜಿ ಹೊರಗೆ ಬಂದರು. ಆ ಗೆಲುವಿನ ಬೆನ್ನಿಗೇ ಹಳ್ಳಿಗಳಲ್ಲಿ ಸಾವಿರಾರು ಅಮಾಯಕ ಮುಸಲ್ಮಾನರು ಸತ್ತರು. ಪಂಡಿತ ಸುಂದರಲಾಲ್ ಸಮಿತಿ ಇದನ್ನು ಬರೆದಿಟ್ಟಿತು, ವರದಿ ಮಾತ್ರ ದಶಕಗಟ್ಟಲೆ ಬೀಗದೊಳಗಿತ್ತು. ವಿಮೋಚನೆಯ ಕಥೆ ಹೇಳುವವರು ಇದನ್ನು ಬಿಟ್ಟು ಹೇಳಿದರೆ ಅರ್ಧ ಹೇಳಿದ ಹಾಗೆ.

ಇನ್ನು ಅಧಿಕಾರದ ಮಾತು. ಸ್ವಾಮೀಜಿ ಮಂತ್ರಿಯಾಗಲಿಲ್ಲ. 1952ರಲ್ಲಿ ನಮ್ಮ ಗುಲಬರ್ಗದಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಹೋದರು, ಅಷ್ಟೇ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆಯೇ. ಯಾವ ಸಂಸ್ಥಾನದ ಜನರಿಗಾಗಿ ಜೈಲು ಕಂಡರೋ ಆ ಸಂಸ್ಥಾನವೇ ಭಾಷೆಯ ಪ್ರಕಾರ ಮೂರು ಪಾಲಾಗಲಿ ಎಂದು ಅವರು ಪಟ್ಟು ಹಿಡಿದರು. ಸ್ವಂತ ಭಾಷೆಯಲ್ಲಿ ಆಡಳಿತ ನಡೆಯದಿದ್ದರೆ ಪ್ರಜೆಯ ಕೈಗೆ ಅಧಿಕಾರ ಬಂದಂತಾಗುವುದಿಲ್ಲ ಎಂಬುದು ಅದರ ತಿರುಳು. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ ಮೈಸೂರು ರಾಜ್ಯಕ್ಕೆ ಸೇರಿದವು. ಅಜ್ಜನ ಕಾಲಕ್ಕೆ ಸ್ವಂತ ರಾಜಧಾನಿಯಾಗಿದ್ದ ಈ ಊರು ನಮಗೆ ಪರವೂರಾಯಿತು. ಹಾಸ್ಟೆಲಿನಲ್ಲಿ ಒಂಟಿಯೆನಿಸಿದಾಗ ಹೀಗೇಕಾಯಿತಪ್ಪಾ ಅಂತ ನನಗೂ ಅನಿಸಿದ್ದುಂಟು. ಆದರೆ ಅಜ್ಜ ಉರ್ದುವಿನಲ್ಲಿ ಅರ್ಜಿ ಬರೆಸಲಿಕ್ಕೆ ಇನ್ನೊಬ್ಬರ ಕಾಲು ಹಿಡಿಯಬೇಕಾಗಿತ್ತು. ನಮ್ಮಪ್ಪ ತನ್ನ ಅರ್ಜಿಯನ್ನು ಕನ್ನಡದಲ್ಲಿ ತಾನೇ ಬರೆಯುತ್ತಾನೆ.

ಸ್ವಾಮೀಜಿ 1972ರ ಜನವರಿ 22ರಂದು ತೀರಿಕೊಂಡರು. 1994ರಲ್ಲಿ ಸ್ಥಾಪನೆಯಾದ ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ನಮ್ಮ ಬಳಗದವರು ಬೇಗಂಪೇಟೆ ಕಡೆ ಹೋದರೆ ಒಂದು ಸ್ಟಾಪು ಮೊದಲೇ ಇಳಿಯಿರಿ. ಸಿಂದಗಿಯಲ್ಲಿ ಹುಟ್ಟಿದ ಒಬ್ಬ ಮೇಷ್ಟ್ರು ಅಲ್ಲಿದ್ದಾರೆ.