ಗಿರಣಿಯ ಮನೆಯಿಂದ ಬಾಹ್ಯಾಕಾಶದವರೆಗೆ: ವಿಕ್ರಂ ಸಾರಾಭಾಯಿ

ವ್ಯವಹಾರ ಅಧ್ಯಯನದ ತರಗತಿಯಲ್ಲಿ ನಮ್ಮ ಉಪನ್ಯಾಸಕರು ಒಮ್ಮೆ ಅಹಮದಾಬಾದಿನ ಐಐಎಂ ಬಗ್ಗೆ ಹೇಳುತ್ತಿದ್ದರು. 1961ರಲ್ಲಿ ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರು ವಿಕ್ರಂ ಸಾರಾಭಾಯಿ ಎಂದು ಕೇಳಿ ನನಗೆ ಆಶ್ಚರ್ಯವಾಯಿತು. ಅವರನ್ನು ರಾಕೆಟ್ ವಿಜ್ಞಾನಿ ಎಂದಷ್ಟೇ ತಿಳಿದಿದ್ದೆ. ಕಾಮರ್ಸ್ ತೆಗೆದುಕೊಂಡ ದಿನವೇ ವಿಜ್ಞಾನದ ಬಾಗಿಲು ನನಗೆ ಮುಚ್ಚಿತು ಅಂದುಕೊಂಡಿದ್ದವನು ನಾನು. ಅದಕ್ಕೇ ಅವರ ಜೀವನದ ಬಗ್ಗೆ ಓದಿದೆ.

ಸಾರಾಭಾಯಿ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನ ಶ್ರೀಮಂತ ಬಟ್ಟೆ ಗಿರಣಿ ಮಾಲೀಕರ ಮನೆಯಲ್ಲಿ. ಓದಲು ಕೇಂಬ್ರಿಜ್‌ಗೆ ಹೋದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಭಾರತಕ್ಕೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಆರಂಭಿಸಿದರು. ಅವರ ವಿಷಯ ಕಾಸ್ಮಿಕ್ ಕಿರಣಗಳು. ಮೊದಲ ಪ್ರಬಂಧ 1942ರಲ್ಲಿ ಪ್ರಕಟವಾಯಿತು.

ಕಾಸ್ಮಿಕ್ ಕಿರಣಗಳೆಂದರೆ ಆಕಾಶದಿಂದ ಸದಾ ಬೀಳುವ ಅತಿವೇಗದ ಕಣಗಳು. ಅವು ಭೂಮಿಯ ಕಾಂತಕ್ಷೇತ್ರವನ್ನು ದಾಟಿ ಬರಬೇಕು. ಸೂರ್ಯನಿಂದ ಕಣಗಳ ದೊಡ್ಡ ಅಲೆ ಬಂದು ಬಡಿದಾಗ ಭೂಕಾಂತ ಬಿರುಗಾಳಿ ಏಳುತ್ತದೆ. ಆಗ ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ ಕಣಗಳು ಭೂಮಿಯ ಸುತ್ತ ಬಳೆಯಂತೆ ಹರಿಯುತ್ತವೆ. ಇದಕ್ಕೆ ಉಂಗುರ ಪ್ರವಾಹ ಎನ್ನುತ್ತಾರೆ. ಅದು ಬಲವಾದಷ್ಟೂ ನೆಲದ ಮೇಲಿನ ಕಾಂತಕ್ಷೇತ್ರ ಸ್ವಲ್ಪ ಕುಗ್ಗುತ್ತದೆ. ಬಿರುಗಾಳಿಯ ಹೊತ್ತಿನಲ್ಲಿ ಕಾಸ್ಮಿಕ್ ಕಿರಣಗಳ ಎಣಿಕೆಯೂ ಬದಲಾಗುತ್ತದೆ. ಆ ಎಣಿಕೆಯ ಏರಿಳಿತ ನೋಡಿ ಸೂರ್ಯ ಮತ್ತು ಭೂಮಿಯ ನಡುವೆ ಏನು ನಡೆಯುತ್ತಿದೆ ಎಂದು ತಿಳಿಯುವುದೇ ಸಾರಾಭಾಯಿಯವರ ಕೆಲಸವಾಗಿತ್ತು. ಲೆಕ್ಕಪುಸ್ತಕ ನೋಡಿ ಅಂಗಡಿಯ ಸ್ಥಿತಿ ಹೇಳಿದಂತೆ ಎಂದು ನಾನು ಅರ್ಥ ಮಾಡಿಕೊಂಡೆ.

1947ರಲ್ಲಿ ಅವರು ಅಹಮದಾಬಾದಿನಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು. ಜೊತೆಗೆ ಮನೆತನದ ಉದ್ಯಮವನ್ನೂ ನೋಡಿಕೊಂಡರು. ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಅವರ ಶಿಷ್ಯರಾದರು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಆ ಮೀನುಗಾರರ ಊರನ್ನು ಆರಿಸಿದ್ದು ಅದು ಭೂಮಿಯ ಕಾಂತೀಯ ಸಮಭಾಜಕದ ಹತ್ತಿರ ಇದ್ದುದರಿಂದ. 1969ರಲ್ಲಿ ಇಸ್ರೋ ಹುಟ್ಟಿತು.

ಬಡ ದೇಶಕ್ಕೆ ಉಪಗ್ರಹ ಯಾಕೆ ಎಂಬ ಪ್ರಶ್ನೆ ಆಗಲೂ ಇತ್ತು. ಹಳ್ಳಿಯ ಜನರಿಗೆ ಉಪಯೋಗವಾಗಬೇಕು ಎಂಬುದೇ ಸಾರಾಭಾಯಿಯವರ ಉತ್ತರವಾಗಿತ್ತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಲು 1969ರಲ್ಲೇ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಆದರೆ ಅದನ್ನು ನೋಡಲು ಅವರು ಉಳಿಯಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತೀರಿಕೊಂಡರು. ವಯಸ್ಸು ಬರೀ 52.

1975ರ ಏಪ್ರಿಲ್‌ನಲ್ಲಿ ಯು.ಆರ್. ರಾವ್ ಅವರ ತಂಡ ಬೆಂಗಳೂರಿನಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ ಹಾರಿತು. ಅದೇ ಆಗಸ್ಟ್‌ನಿಂದ ಒಂದು ವರ್ಷ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ತಂತಿ ಜಾಲರಿಯ ಛತ್ರಿಗಳ ಮೂಲಕ ಟಿವಿ ಬಂತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲವೂ ಅದರಲ್ಲಿದ್ದವು. ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ಭಾಗದ ಜಿಲ್ಲೆಗಳನ್ನೇ. ಅವುಗಳಲ್ಲಿ ಗುಲ್ಬರ್ಗಾ ಒಂದು. ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಅದೇ ಜಿಲ್ಲೆಯ ತಾಲ್ಲೂಕುಗಳು. ಇದನ್ನು ಓದಿದಾಗ ಸಾರಾಭಾಯಿ ನನಗೆ ದೂರದವರು ಅನ್ನಿಸಲಿಲ್ಲ.

ಅವರು ಶುರುಮಾಡಿದ ವಿಷಯವೂ ಹಳತಾಗಿಲ್ಲ. 1989ರ ಮಾರ್ಚ್‌ನಲ್ಲಿ ಭೂಕಾಂತ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನರಿಗೆ ಸುಮಾರು ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. 2000ದಲ್ಲಿ ನಾಸಾ ಕಳಿಸಿದ ಇಮೇಜ್ ಉಪಗ್ರಹ ಕಣ್ಣಿಗೆ ಕಾಣದ ಉಂಗುರ ಪ್ರವಾಹದ ಚಿತ್ರವನ್ನೇ ತೆಗೆಯಿತು. ಈಗ ನಮ್ಮ ಆದಿತ್ಯ ಎಲ್1 ಸೂರ್ಯನ ಮೇಲೆ ಕಣ್ಣಿಟ್ಟಿದೆ.

ಗಿರಣಿಯ ಲೆಕ್ಕ ಮತ್ತು ಆಕಾಶದ ಲೆಕ್ಕ ಎರಡನ್ನೂ ಒಬ್ಬರೇ ನೋಡಿಕೊಂಡರು. ಹಾಗಿದ್ದರೆ ಬಾಗಿಲು ಮುಚ್ಚಿದ್ದು ಯಾರು? ನಾನೇ ಮುಚ್ಚಿಕೊಂಡಿದ್ದೆ. ಈಗ ವಾರಕ್ಕೊಮ್ಮೆ ಗ್ರಂಥಾಲಯದಲ್ಲಿ ವಿಜ್ಞಾನದ ಕಪಾಟಿನ ಕಡೆಗೂ ಹೋಗುತ್ತೇನೆ. ಕಾಮರ್ಸ್ ಗೆಳೆಯರೇ, ನೀವೂ ಬನ್ನಿ.